ತೂಬಿನ ದಾರಿಯ ಚಿಟ್ಟೆ

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ಒಸಾಕಾ ಬಿಟ್ಟೆವು. ಜೊತೆಗಿದ್ದವಳು ಸವಿತಾ, ವಿಶ್ವವಿದ್ಯಾಲಯದ ನಮ್ಮ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿರುವ ತುಮಕೂರಿನ ಹುಡುಗಿ. ಎರಡು ರೈಲು ಬದಲಿಸಿ, ಕೊಂಬಿನಿ ಅಂಗಡಿಯಲ್ಲಿ ಕೊಂಡ ಅನ್ನದ ಉಂಡೆ ತಿಂದು, ಹ್ಯೋಗೊ ಪ್ರಾಂತ್ಯದ ಸಣ್ಣ ನಿಲ್ದಾಣದಲ್ಲಿ ಇಳಿದಾಗ ಒಂಬತ್ತು. ಅಲ್ಲಿಂದ ಮೋರಿತಾ ಸಾನ್ ಎಂಬ ರೈತರ ಕೆರೆಗೆ ಎರಡು ಕಿಲೋಮೀಟರ್ ನಡಿಗೆ. ಮೋಡವಿತ್ತು, ಗಾಳಿ ಇರಲಿಲ್ಲ.

ಆ ಕೆರೆಯ ಏರಿಯ ಮೇಲೆ ಹಿಂದೆ ಹೆಬ್ಬೆರಳಿನ ಉಗುರಿನಷ್ಟೇ ಇರುವ ನೀಲಿ ಚಿಟ್ಟೆಗಳಿದ್ದವು; ಅವನ್ನು ನೋಡಲೆಂದೇ ಹೊರಟದ್ದು. ಜಪಾನಿನಲ್ಲಿ ಅವು ಉಳಿದಿರುವ ಜಾಗಗಳು ಕಡಿಮೆ. ನೆಲಕ್ಕಂಟಿ ಬೆಳೆಯುವ, ಹಳದಿ ಹೂವಿನ ಮಿಯಾಕೊಗುಸಾ ಗಿಡದಲ್ಲಿ ಮೊಟ್ಟೆಯಿಡುತ್ತವೆ. ಎರಡು ವರ್ಷದ ಹಿಂದೆ ಮೋರಿತಾ ಸಾನ್ ಅಲ್ಲಿ ಹುಲ್ಲು ಕತ್ತರಿಸುವುದನ್ನು ಕಂಡು ಬೆಚ್ಚಿದ್ದೆ. ಮೊಟ್ಟೆಗಳು ಹೋಗುತ್ತವೆ, ದಯವಿಟ್ಟು ಏರಿಯನ್ನು ಮುಟ್ಟಬೇಡಿ ಎಂದು ಕೇಳಿಕೊಂಡಿದ್ದೆ. ವಿಶ್ವವಿದ್ಯಾಲಯದವನೆಂದು ನನ್ನ ಮಾತನ್ನು ಅವರು ನಂಬಿದ್ದರು. ನನ್ನ ಸಂಶೋಧನೆ ಪ್ಲಾಸ್ಟಿಕ್ಕಿನದು. ಚಿಟ್ಟೆ ಬರೀ ಹವ್ಯಾಸ.

ಈಗ ಹುಲ್ಲು ಸೊಂಟದವರೆಗೆ ನಿಂತಿತ್ತು. ಸವಿತಾ ಒಂದು ಗಂಟೆ ಬಗ್ಗಿ ಹುಡುಕಿದಳು.

"ಸರ್, ಹಳದಿ ಹೂವೇ ಇಲ್ವಲ್ಲ. ಕೆಳಗೆ ಬಿಸಿಲೇ ಬೀಳಲ್ಲ," ಎಂದಳು. ಆಮೇಲೆ ಮೆಲ್ಲಗೆ, "ಅವ್ರು ಕತ್ತರಿಸ್ತಿದ್ದಕ್ಕೇ ಉಳ್ಕೊಂಡಿತ್ತೇನೋ."

ನಾನೂ ಬಗ್ಗಿ ಹುಲ್ಲು ಸರಿಸಿ ನೋಡಿದೆ.

ಅಷ್ಟರಲ್ಲಿ ಮೋರಿತಾ ಸಾನ್ ಬಂದರು. ಮುದುಕ ಸೋಮಾರಿಯಾದ ಎಂದು ಊರವರು ಆಡಿಕೊಂಡದ್ದನ್ನು, ಏರಿಯಲ್ಲಿ ಹಾವು ಸೇರಿಕೊಂಡದ್ದನ್ನು ನಗುತ್ತಲೇ ಹೇಳಿದರು. ಬಳಿಕ ತೂಬಿನತ್ತ ಕೈ ತೋರಿಸಿ ತಲೆಬಾಗಿದರು.

"ಕ್ಷಮಿಸಬೇಕು, ಸೆನ್ಸೇ. ಗದ್ದೆಗೆ ನೀರು ಬಿಡೋಕೆ ದಾರಿ ಬೇಕಿತ್ತು. ಅಲ್ಲಿ ಮಾತ್ರ ಕತ್ತರಿಸಿದೆ."

ತೂಬಿಗೆ ಇಳಿಯುವ ಆ ದಾರಿ ಒಂದು ಮಾರು ಅಗಲವೂ ಇರಲಿಲ್ಲ. ಅದರ ಅಂಚಿನಲ್ಲಿ ಹಳದಿ ಹೂಗಳಿದ್ದವು. ಮೂವರೂ ಕುಕ್ಕರಗಾಲಿನಲ್ಲಿ ಕುಳಿತೆವು. ಮೋಡ ಸರಿದಾಗ ಒಂದು ಚಿಟ್ಟೆ ಎದ್ದು, ಮೊಣಕಾಲೆತ್ತರಕ್ಕೂ ಏರದೆ ಮತ್ತೆ ಕುಳಿತಿತು. ಆಮೇಲೆ ಇನ್ನೊಂದು. ಮಧ್ಯಾಹ್ನದವರೆಗೂ ಕಂಡದ್ದು ಅವೆರಡೇ.

ತಪ್ಪು ನನ್ನದು ಎಂದು ಹೇಳಲು ನನ್ನ ಜಪಾನಿ ಸಾಕಿತ್ತು. ಕೊನೆಗೆ ಹೇಳಿದೆ: ನೀವು ಕತ್ತರಿಸುತ್ತಿದ್ದುದರಿಂದಲೇ ಚಿಟ್ಟೆ ಉಳಿದಿತ್ತು. ಮೋರಿತಾ ಸಾನ್ ಎದ್ದು ಏರಿಯತ್ತ ನೋಡಿದರು.

"ಹಾಗಾದ್ರೆ ಕತ್ತರಿಸಲಾ?" ಎಂದು ನನ್ನನ್ನೇ ಕೇಳಿದರು.

ಈ ಸಲ ಹೀಗೇ ಮಾಡಿ ಎಂದು ನಾನು ಹೇಳಲಿಲ್ಲ. ನಿಮ್ಮ ತಂದೆ ಯಾವಾಗ ಕತ್ತರಿಸುತ್ತಿದ್ದರು ಎಂದು ಕೇಳಿದೆ. ನಾಟಿಗೆ ಮುಂಚೆ, ಅಂದರೆ ಇದೇ ವಾರ, ಎಂದರು.

ನಾಲ್ಕರ ರೈಲಿಗೆ ಹೊರಟಾಗ ಹಿಂದೆ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಕೇಳುತ್ತಿತ್ತು. ನಾವು ತಿರುವು ತಲುಪಿದಾಗ ಅದು ನಿಂತಿತು. ತಿರುಗಿ ನೋಡಿದೆ. ತೂಬಿನ ಬಳಿ ಮೋರಿತಾ ಸಾನ್ ಯಂತ್ರವನ್ನು ಕೆಳಗಿಟ್ಟು, ಮಂಡಿಯೂರಿ, ಹೂಗಳ ಸುತ್ತಲಿನ ಹುಲ್ಲನ್ನು ಕುಡುಗೋಲಿನಿಂದ ಕೊಯ್ಯುತ್ತಿದ್ದರು.