ನೋಡ್ತಾ ಹೋಗೋಣ

ಎಲ್ಕ್ ಗ್ರೋವ್ ವಿಲೇಜ್‌ನ ಕೈಗಾರಿಕಾ ಪ್ರದೇಶದಲ್ಲಿ, ಓಹೇರ್ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳ ಸದ್ದಿಗೆ ಯಾರೂ ಮಾತು ನಿಲ್ಲಿಸದ ಒಂದು ಶೆಡ್ಡಿನಲ್ಲಿ ನನ್ನ ಕೆಲಸ. ಗಣಿಗಳಲ್ಲಿ ಅದಿರಿನ ಕಲ್ಲು ಸುರಿದು ಸುರಿದು ಉಕ್ಕಿನ ತೊಟ್ಟಿಗಳ ತಗಡು ಸವೆಯದಂತೆ ಒಳಗೆ ಹೊದಿಸುವ ದಪ್ಪ ರಬ್ಬರ್ ಲೈನರ್‌ಗಳನ್ನು ಇಲ್ಲಿ ಮಾಡುತ್ತಾರೆ. ಅವುಗಳ ಸಾಗಣೆ ನನ್ನ ಜವಾಬ್ದಾರಿ. ಅದಕ್ಕೂ ಮೊದಲು ಊರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಯಾರು ಏನೆಂದರು ಎಂಬುದನ್ನು ಅವರ ಮಾತಿನಲ್ಲೇ ನೆನಪಿಡುವ ಅಭ್ಯಾಸ ಅಲ್ಲಿನದು.

ಕಂಪನಿಯ ಒಡತಿ ವಿಜಯಪುರದವರು. ಮಾರಾಟ ನೋಡಿಕೊಳ್ಳುವವಳು ಅವರ ಮಗಳು. ಪಕ್ಕದ ಇಟಾಸ್ಕಾದಲ್ಲಿ ಬೆಳೆದವಳು, ಕಾಲೇಜಿನಲ್ಲಿ ಸ್ಪ್ಯಾನಿಷ್ ಓದಿದವಳು. ಇಲ್ಲಿನ ದೊಡ್ಡ ಗಿರಾಕಿಯೊಬ್ಬರು ಬಾಗಿಲು ಮುಚ್ಚಿದ ಮೇಲೆ ಶೆಡ್ಡಿನ ಎರಡನೇ ಪಾಳಿಗೆ ಉಳಿದ ಆಸೆ ಚಿಲಿಯ ಒಂದು ತಾಮ್ರದ ಗಣಿ. ಅದರ ಆರ್ಡರ್ ಸಿಗದಿದ್ದರೆ ಆ ಪಾಳಿ ನಿಲ್ಲುತ್ತಿತ್ತು. ಸಿಕ್ಕಿತೆಂದು ನಂಬಿ ರಬ್ಬರ್ ತರಿಸಿ, ಆಮೇಲೆ ಕೈತಪ್ಪಿದರೆ ಮೊದಲನೇ ಪಾಳಿಯೂ ಉಳಿಯುತ್ತಿರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಆ ಗಣಿಯ ಖರೀದಿ ಅಧಿಕಾರಿ ವಿಡಿಯೊ ಕರೆಯಲ್ಲಿ ಮಾತಾಡಿದರು. ಮಾಲನ್ನು ಹೊಗಳಿದರು, ಇಲ್ಲಿನ ಹಿಮದ ಬಗ್ಗೆ ವಿಚಾರಿಸಿದರು, ನಗುತ್ತಲೇ ‘ವಾಮೋಸ್ ವಿಯೆಂದೊ’ ಎಂದು ಮುಗಿಸಿದರು.

“ಡನ್ ಅಮ್ಮ,” ಎಂದಳು ಮಗಳು. “ರಬ್ಬರ್ ಆರ್ಡರ್ ಮಾಡ್ಲಾ?”

“ಕಡೀಕ ಏನಂದ ಅಂವ?”

“ನೋಡ್ತಾ ಹೋಗೋಣ ಅಂದ್ರು. ಪಾಸಿಟಿವ್ ಆಗೇ ಇದ್ರಲ್ಲ.”

ಒಡತಿ ಚಹಾದ ಕಪ್ಪು ಕೆಳಗಿಟ್ಟರು. “ಹಂಗಂದ್ರ ಇಲ್ಲ ಅಂತ.”

“ಅಮ್ಮ, ನಿಂಗೆ ಸ್ಪ್ಯಾನಿಷ್ ಬರಲ್ಲ.”

“ನೋಡೋಣು ಅನ್ನೂದು ಬರ್ತೈತಿ. ನನ್ನ ನೋಡಾಕ ಬಂದ ಮೊದಲನೇ ಮಂದಿ ಶಿರಾ ತಿಂದು, ಚಹಾ ಕುಡದು, ನಮ್ಮಪ್ಪನ ಕೈ ಹಿಡಕೊಂಡು ‘ನೋಡೋಣ್ರೀ’ ಅಂದು ಹೋದ್ರು. ಮತ್ತ ಬರಲಿಲ್ಲ. ಅದಕ್ಕ ನೀ ಹುಟ್ಟೀದಿ.”

ಮಗಳಿಗೆ ನಗು ತಡೆಯಲಾಗಲಿಲ್ಲ. “ಹಾಗಾದ್ರೆ ಹೌದು ಅನ್ನೋರು ಏನಂತಾರೆ?”

“ವಾರ ಹೇಳ್ತಾರ. ನಿಮ್ಮಪ್ಪನ ಮನ್ಯಾವ್ರು ಗುರುವಾರ ಬರ್ತೀವಿ ಅಂದ್ರು.”

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಬೆಲೆ ಇಳಿಸುತ್ತಾರೆ, ಇಲ್ಲವೆ ಬೇಸರಪಟ್ಟು ಬಿಟ್ಟುಬಿಡುತ್ತಾರೆ. ಒಡತಿ ಎರಡನ್ನೂ ಮಾಡಲಿಲ್ಲ. “ಮತ್ತ ಫೋನ್ ಮಾಡು. ಮಾರಾಕ ಹೋಗಬ್ಯಾಡ. ಹಿಂದ ಹೊರಗಿನವ್ರ ಮಾಲು ತಗೊಂಡು ಏನರ ಆಗೈತೇನು, ಕೇಳು,” ಎಂದರು.

ಮಗಳು ಹಾಗೆಯೇ ಕೇಳಿದಳು. ಪಕ್ಕದ ಮೇಜಿನಿಂದ ನೋಡುತ್ತಿದ್ದೆ; ಅವಳು ಮಾತಾಡಿದ್ದಕ್ಕಿಂತ ಬರೆದುಕೊಂಡದ್ದೇ ಹೆಚ್ಚು. ತಾಯಿ ಊಹಿಸಿದ್ದನ್ನು ಅವಳು ಆ ಭಾಷೆಯಲ್ಲಿ, ಆ ಮನುಷ್ಯನಿಗೆ ಮುಜುಗರವಾಗದಂತೆ, ಹೊರಗೆ ತಂದಳು. ಹಿಂದೊಮ್ಮೆ ಆ ಗಣಿಯಲ್ಲಿ ವಿದೇಶಿ ಕಂಪನಿಯ ಲೈನರ್ ಹರಿದಿತ್ತು. ಬದಲಿ ಲೈನರ್ ಹಡಗಿನಲ್ಲಿ ಬರುವವರೆಗೆ ಕೆಲಸ ನಿಂತಿತ್ತು. ಮೇಲಿನವರಿಗೆ ಉತ್ತರ ಕೊಟ್ಟವರು ಈ ಅಧಿಕಾರಿಯೊಬ್ಬರೇ.

“ಬೈಯೋಕೆ ಹತ್ತಿರದಲ್ಲಿ ಯಾರಾದ್ರೂ ಇರ್ಬೇಕಂತೆ,” ಎಂದಳು ಮಗಳು, ಫೋನಿಟ್ಟು.

“ಖರೇ ಐತಿ,” ಎಂದರು ಒಡತಿ. “ಅಲ್ಲೇ ಒಬ್ಬರ್ನ ಹುಡುಕು.”

ಗಣಿಗೆ ಹತ್ತಿರದ ಬಂದರು ಆಂತೊಫಗಾಸ್ತಾದಲ್ಲಿ ರಿಪೇರಿ ಕಾರ್ಖಾನೆಯೊಂದನ್ನು ಮಗಳು ಹುಡುಕಿದಳು. ಲೈನರ್ ಇಟ್ಟುಕೊಳ್ಳಲು, ಕರೆದಾಗ ಹೋಗಿ ಜೋಡಿಸಲು ಅವರು ಒಪ್ಪಿದರು. ಶೆಡ್ಡಿನಲ್ಲಿ ಉಳಿದಿದ್ದ ರಬ್ಬರಿನಲ್ಲೇ ಒಂದು ಸೆಟ್ ತಯಾರಾಯಿತು. ಆರ್ಡರ್ ಇಲ್ಲದ ಆ ಪೆಟ್ಟಿಗೆಯನ್ನು ಆ ಕಾರ್ಖಾನೆಗೆ ಕಳಿಸಿದವನು ನಾನೇ.

ಅದು ತಲುಪಿ, ಕಾರ್ಖಾನೆಯವರು ಗಣಿಗೆ ಒಯ್ದು ತೋರಿಸಿದ ಮೇಲೆ ಅಧಿಕಾರಿ ತಾವಾಗಿ ಕರೆ ಮಾಡಿದರು. ಈ ಸಲ ಹೊಗಳಿಕೆ ಇರಲಿಲ್ಲ. ತಮ್ಮಲ್ಲಿ ಮಿಲಿಮೀಟರ್, ನಿಮ್ಮ ಬೋಲ್ಟಿನ ಅಳತೆ ಇಂಚಿನಲ್ಲಿದೆ ಎಂದು ಗೊಣಗಿದರು. ಬದಲಿಸಿಕೊಡುತ್ತೇವೆ ಎಂದ ಮಗಳು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಮ್ಯೂಟ್ ಒತ್ತಿ ತಾಯಿಯತ್ತ ತಿರುಗಿದಳು.

“ಮಂಗಳವಾರ ಫಸ್ಟ್ ಸೆಟ್ ಹಾಕ್ತಾರಂತೆ. ಆಮೇಲೆ ಒಂದೊಂದಾಗಿ ಎಲ್ಲಾ ಕಡೆಗೂ ನಮ್ದೇ ಲೈನರ್ ಬೇಕಂತೆ.”

“ಮಂಗಳವಾರ ಅಂತ ಅಂವನೇ ಅಂದ್ನೋ, ನೀ ಹೇಳಿಸಿದ್ಯೋ?”

“ಅವರೇ ಅಂದ್ರು.”

“ಹಾಕು ರಬ್ಬರ್ ಆರ್ಡರ್,” ಎಂದರು ಒಡತಿ.