ಕೀಲಿಗೆ ವಾರಸುದಾರರನ್ನು ಕೇಳುವ ಇಶ್ರತ್

ಬಸವಕಲ್ಯಾಣದ ಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ನಸುಕಿನ ಆಜಾನ್ ಈಗಷ್ಟೇ ಮುಗಿದಿದೆ. ಗುಡಿಗಳ ಗಂಟೆ ಇನ್ನೂ ಶುರುವಾಗಿಲ್ಲ. ಇಶ್ರತ್ ತಮ್ಮ ಮೊಬೈಲ್ ರಿಪೇರಿ ಅಂಗಡಿಯ ಶಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ಹೋಗುತ್ತಾರೆ. ಪೂರ್ತಿ ಎತ್ತುವುದು ಬೋಣಿಗೆಯ ಹೊತ್ತಿಗೆ. ಅದಕ್ಕೂ ಮುಂಚೆ ಬರುವ ಗಿರಾಕಿಗಳೇ ಬೇರೆ. ಅವರು ತೀರಿಹೋದವರ ಫೋನನ್ನು ಟವೆಲಿನಲ್ಲಿ ಸುತ್ತಿಕೊಂಡು ತರುತ್ತಾರೆ.

ದಿನದ ಮೊದಲ ವ್ಯಾಪಾರ ಸತ್ತವರ ಸಾಮಾನಿನಿಂದ ಆದರೆ ಅಂಗಡಿಗೆ ಒಳ್ಳೆಯದಲ್ಲ ಎಂಬ ನಂಬಿಕೆ ಇಲ್ಲಿಯದು. ಆದ್ದರಿಂದ ದುಃಖದಲ್ಲಿರುವವರೂ ಅಂಗಡಿಯವಳ ಒಳಿತು ನೆನೆದು ಬೋಣಿಗೆಗೆ ಮುಂಚೆ ಬಂದು ಹೋಗುತ್ತಾರೆ. ಆ ಕೆಲಸಕ್ಕೆ ಇಶ್ರತ್ ದುಡ್ಡು ಮುಟ್ಟುವುದಿಲ್ಲ. ಮುಟ್ಟಿದರೆ ಅದೇ ಬೋಣಿಗೆಯಾಗಿಬಿಡುತ್ತದಲ್ಲ!

ಇವತ್ತು ಮೋರಖಂಡಿಯಿಂದ ಮೊದಲ ಬಸ್ಸಿಗೆ ಶೇವಂತಾಬಾಯಿ ಬರುವವರಿದ್ದಾರೆ. ತೀರಿಕೊಂಡ ಗಂಡ ಧನರಾಜರ ದನಿಯನ್ನು ಇನ್ನೊಮ್ಮೆ ಕೇಳಬೇಕೆಂಬುದು ಆಕೆಯ ಆಸೆ. ಆ ದನಿ ಇನ್ನು ಸಿಗುವುದಿಲ್ಲ ಎಂಬುದು ಇಶ್ರತ್‌ಗೆ ನಿನ್ನೆ ತಿಳಿದಿದೆ. ಮೇಜಿನ ಮೇಲಿನ ಹಳೆಯ ಲ್ಯಾಪ್‌ಟಾಪಿನ ದೂಳು ಒರೆಸುತ್ತ, "ಹ್ಯಾಂಗ ಹೇಳಲಿ, ನೀವss ಹೇಳ್ರಿ. ಬಸ್ಸ ತಡಾ ಆಗಲಿ ಅಂತ ದುವಾ ಮಾಡಾಕತ್ತೇನಿ" ಎಂದು ನಮ್ಮತ್ತ ತಿರುಗಿ ಹೇಳುತ್ತಾರೆ.

ಇದು ಮೊದಲು ಗಡಿಯಾರದ ಅಂಗಡಿ. ತಂದೆ ಮೊಹಿನುದ್ದೀನ್ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರಗಳ ಹೊಟ್ಟೆ ಬಿಚ್ಚುತ್ತಿದ್ದರು. ಅವರ ಪಕ್ಕದಲ್ಲಿ ಕೂತು ಕೈ ಪಳಗಿಸಿಕೊಂಡ ಮಗಳು ಗಡಿಯಾರದ ಕಾಲ ಮುಗಿದಾಗ ಫೋನು ಹಿಡಿದರು. ಹೆಂಗಸು ರಿಪೇರಿ ಮಾಡುತ್ತಾಳಂತೆ ಎಂದು ನೋಡಲು ಬಂದವರೇ ಹೆಚ್ಚು. "ನೋಡಾಕ ಬಂದವರು ನಿಂತು ನಿಂತು ನಾಚಿಕಿಗೆ ಒಂದು ಕವರ್ ಆದ್ರೂ ತಗೊಂಡು ಹೋಗ್ತಿದ್ರು. ಹಂಗ ಅಂಗಡಿ ನಡೀತ್ರಿ."

ಒಡೆದ ಗಾಜು ಬದಲಿಸುವುದು ಸುಲಭವಾಗಿತ್ತು. ಮರೆತ ಪಾಸ್‌ವರ್ಡ್ ಹಿಡಿದು ಬರುವವರದ್ದೇ ಕಷ್ಟ. ಎಲ್ಲರೂ ಮನೆದೇವರ ಹೆಸರನ್ನೇ ಇಟ್ಟಿರುತ್ತಾರೆ. ಬ್ಯಾಂಕಿಗೂ ಅದೇ, ಮಗಳ ಪರೀಕ್ಷೆಯ ಅರ್ಜಿಗೂ ಅದೇ. ಊರಿಗೆಲ್ಲ ಗೊತ್ತಿರುವ ದೇವರು ಗುಟ್ಟು ಕಾಯುವುದು ಹೇಗೆ? ಆಗ ಇಶ್ರತ್ ಪಾಸ್‌ವರ್ಡ್ ಮ್ಯಾನೇಜರ್ ಎಂಬುದರ ಬೆನ್ನು ಹತ್ತಿದರು. ಎಲ್ಲ ಕೀಲಿಕೈಗಳನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಗೆ ಒಂದೇ ದೊಡ್ಡ ಕೀಲಿ ಹಾಕುವ ಏರ್ಪಾಡು ಅದು. ಒಂದೊಂದನ್ನೂ ಮೊದಲು ತಮ್ಮ ಫೋನಿನಲ್ಲೇ ಹಾಕಿ, ತಿಂಗಳುಗಟ್ಟಲೆ ಬಳಸಿ ನೋಡಿದರು.

ಈಗ ವಾರಕ್ಕೊಮ್ಮೆ ಹುಮನಾಬಾದಿಗೂ ಹೋಗಿ, ಬಸ್ ನಿಲ್ದಾಣದ ಬಳಿ ಸಂಬಂಧಿಕರ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಾರೆ. ದುಬಲಗುಂಡಿಯ ಕಡೆಯವರು ಅಲ್ಲಿಗೇ ಬರುತ್ತಾರೆ. ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಇಶ್ರತ್ ಮರುಪ್ರಶ್ನೆ ಹಾಕುತ್ತಾರೆ. ಫೋನಿನಲ್ಲೂ ಕಂಪ್ಯೂಟರಿನಲ್ಲೂ ಬೇಕೇ? ಹೊಲದಲ್ಲಿ ನೆಟ್‌ವರ್ಕ್ ಹೋದಾಗಲೂ ತೆರೆಯಬೇಕೇ? ನಾಳೆ ಆ ಕಂಪನಿಯೇ ಮುಚ್ಚಿದರೆ ನಿಮ್ಮದನ್ನು ಹೊರಗೆ ತೆಗೆದುಕೊಳ್ಳಲು ಬರುತ್ತದೆಯೇ? ಕಂಪನಿಯವರು ಇಣುಕಿ ನೋಡುವಂತಿದೆಯೇ? ಕೊನೆಗೆ ದನಿ ತಗ್ಗಿಸಿ ಇನ್ನೊಂದು: "ನಿಮ್ಮ ಹಿಂದ ಇದನ್ನ ಯಾರು ತಗೀಬೇಕ್ರಿ?"

ಈ ಪ್ರಶ್ನೆ ಬಂದ ಕೂಡಲೇ ಗಿರಾಕಿಗಳು ಎದ್ದು ನಿಲ್ಲುತ್ತಾರೆ. ಈ ಅಂಗಡಿಯ ಪಕ್ಕದಲ್ಲಿ ಚಹಾ ಮಾರುವ ಖಮರುದ್ದೀನ್ ಅದನ್ನೇ ಆಡಿಕೊಳ್ಳುತ್ತಾರೆ. "ಆಪಾ, ಜನ ಫೋನ್ ತಗೊಂಡು ಬಂದ್ರ ನೀ ಕಫನ್ ಅಳತಿ ಕೇಳ್ತೀ. ಗಿರಾಕಿ ಓಡದs ಏನ್ ಮಾಡ್ಬೇಕು?"

"ನಿಂದೇನು ಭಾಯಿ, ನಿನ್ನ ಪಾಸ್‌ವರ್ಡ್ ಓಣಿಗೆಲ್ಲ ಗೊತ್ತದ. ವಾರಸದಾರರು ಬೇಕಾದಷ್ಟು ಮಂದಿ ಇದ್ದಾರ!"

ನಗು ಬೇಗ ಆರುತ್ತದೆ. ಆ ಪ್ರಶ್ನೆಗೆ ಉತ್ತರ ಸಿಗದೆ ಉಳಿದದ್ದರ ಫಲ ಮೇಜಿನ ಮೇಲೇ ಇದೆ. ಈ ಲ್ಯಾಪ್‌ಟಾಪು ಧನರಾಜರದು. ಊರಿನ ರೈತರಿಗೆ ಬೆಳೆ ವಿಮೆ, ಪಹಣಿ ಎಂದು ಅರ್ಜಿ ತುಂಬಿಕೊಡುತ್ತಿದ್ದ ಮನುಷ್ಯ ಅವರು. ಸೋಮವಾರ ಭಜನೆಯಲ್ಲಿ ಮುಂದೆ ನಿಂತು ಹಾಡುತ್ತಿದ್ದರು. ಒಬ್ಬರೇ ಇರುವಾಗ ಫೋನಿಗೆ ಹಾಡಿ, ಆ ಹಾಡುಗಳನ್ನು ಇಂಟರ್‌ನೆಟ್ಟಿನ ಖಾತೆಯೊಂದರಲ್ಲಿ ಕೂಡಿಡುತ್ತಿದ್ದರು. ಯಾರೋ ಕಿಡಿಗೇಡಿ ಅವರ ಪಾಸ್‌ವರ್ಡ್ ಊಹಿಸಿ ಅಲ್ಲಿ ಕೆಟ್ಟ ಚಿತ್ರ ಹಾಕಿದ ಮೇಲೆ, ಗಂಡ ಹೆಂಡತಿ ಇಬ್ಬರೂ ಇಲ್ಲಿಗೆ ಬಂದರು. ಅತ್ಯಂತ ಗಟ್ಟಿಯಾದದ್ದೇ ಬೇಕು ಎಂದರು. ಕಂಪನಿಯವರೂ ತೆರೆಯಲಾಗದಂಥದ್ದನ್ನು ಇಶ್ರತ್ ಆರಿಸಿಕೊಟ್ಟರು. ದೊಡ್ಡ ಕೀಲಿ ಹೇಗಿರಬೇಕು ಎಂಬುದನ್ನೂ ಕಲಿಸಿದರು. ಯಾರೂ ಊಹಿಸದ ಒಬ್ಬರ ಹೆಸರು, ಒಂದು ಊರು, ಒಂದು ಬೆಳೆ. ಮೂರನ್ನೂ ಕೂಡಿಸಿ ಕನ್ನಡದಲ್ಲೇ ಬರೆಯಬೇಕು. (ಈಗ ಆ ಪದ್ಧತಿಯನ್ನು ಬದಲಿಸಿದ್ದಾರೆ.)

ಆಮೇಲೆ ಕೊನೆಯ ಪ್ರಶ್ನೆ ಕೇಳಿದರು. ದೀಪ ಹಚ್ಚುವ ಹೊತ್ತು. ಶೇವಂತಾಬಾಯಿ ಗಂಡನ ಕೈ ಹಿಡಿದು ಎಬ್ಬಿಸಿದರು. "ಮುಸ್ಸಂಜಿ ಹೊತ್ತಿನ್ಯಾಗ ಎಂಥಾ ಮಾತ ಕೇಳ್ತೀರಿ ಇಶ್ರತ್ ಬೀ! ನಡೀರಿ ನೀವು, ಅದೇನೂ ಬರೀಬ್ಯಾಡ್ರಿ." ಧನರಾಜ ನಗುತ್ತ, ಮುಂದಿನ ಸಲ ಬಂದಾಗ ಬರೆಯುವೆನೆಂದು ಹೋದರು.

ಹೊಲದ ಬಾವಿಯ ಬಳಿ ಮೋಟಾರು ಹಚ್ಚುವಾಗ ಅವರ ಎದೆ ನಿಂತಿತು. ಫೋನು ನೀರು ಪಾಲಾಯಿತು. ದುಃಖದ ನಡುವೆ ನಂಬರಿಗೆ ರೀಚಾರ್ಜ್ ಮಾಡಿಸಬೇಕೆಂದು ಯಾರಿಗೆ ಹೊಳೆಯಬೇಕು? ಆ ನಂಬರು ಇನ್ಯಾರದೋ ಪಾಲಾಯಿತು. ಭಜನೆಯವರ ಫೋನುಗಳಲ್ಲಿ ತಾಳ ಮದ್ದಳೆಯ ಗದ್ದಲದ ನಡುವೆ ಧನರಾಜರ ದನಿ ಹತ್ತರಲ್ಲಿ ಒಂದು. ಅವರೊಬ್ಬರದೇ ದನಿ ಇದ್ದದ್ದು ಆ ಖಾತೆಯಲ್ಲಿ. ಅದರ ಕೀಲಿ ಈ ಲ್ಯಾಪ್‌ಟಾಪಿನ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯ ಕೀಲಿ ಅವರ ಮನಸ್ಸಿನಲ್ಲಿ.

ಖಾತೆ ತೆರೆಯುವ ಗುಪ್ತ ಸಂಖ್ಯೆಯನ್ನು ಹಳೆಯ ನಂಬರಿಗೆ ತರಿಸಬಹುದೆಂದು ಇಶ್ರತ್ ಒಮ್ಮೆ ಆ ನಂಬರಿಗೆ ಕರೆ ಮಾಡಿದರು. ಎತ್ತಿದವನು ಗುರುತಿಲ್ಲದ ಯುವಕ. ಹೆಂಗಸು ಅಳುತ್ತಿದ್ದಾಳೆ, ಬರುವ ಓಟಿಪಿ ಒಂದು ಸಲ ಹೇಳಪ್ಪ ಎಂದು ಬೇಡಿಕೊಂಡರು.

"ಅಳೂ ನಾಟಕ ಬ್ಯಾರೆ ಮಾಡ್ತೀರೇನ್? ಪೊಲೀಸರಿಗೆ ಹೇಳ್ತೀನಿ ನೋಡ್ರಿ!" ಎಂದು ಆತ ಫೋನಿಟ್ಟ. ಮತ್ತೆ ಎತ್ತಲಿಲ್ಲ.

"ಅಂವಂದೇನೂ ತಪ್ಪಿಲ್ರಿ," ಎನ್ನುತ್ತಾರೆ ಇಶ್ರತ್. "ಯಾರ್ ಕೇಳಿದ್ರೂ ಓಟಿಪಿ ಹೇಳಬ್ಯಾಡ್ರಿ ಅಂತ ಊರೂರಿಗೆ ಹೇಳಾಕಿ ನಾನs. ನಾ ಕಲಿಸಿದ ಪಾಠ ನನಗs ಬಂದು ಬಡೀತು."

ದೇವರು ಕೊಟ್ಟ ದನಿಯನ್ನು ದೇವರೇ ಹಿಂದಕ್ಕೆ ಪಡೆಯುತ್ತಾನೆ. ನಡುವೆ ನಾವು ಒಂದಿಷ್ಟು ಹಿಡಿದಿಟ್ಟುಕೊಳ್ಳಲು ನೋಡುತ್ತೇವೆ, ಅಷ್ಟೇ. ಶೇವಂತಾಬಾಯಿ ಅಂದಿನಿಂದ ಆಗಾಗ ಬರುತ್ತಲೇ ಇದ್ದಾರೆ, ಪ್ರತಿ ಸಲವೂ ಹೊಸ ಮೂರು ಮಾತು ನೆನಪಿಸಿಕೊಂಡು. ಎತ್ತಿನ ಹೆಸರು, ರಾಜೇಶ್ವರ ಎಂಬ ಊರು, ತೊಗರಿ. ಅತ್ತೆಯ ಹೆಸರು, ಬೀದರ, ಕಡಲೆ. ಯಾವುದಕ್ಕೂ ಪೆಟ್ಟಿಗೆ ತೆರೆದಿಲ್ಲ. ಬಹಳ ಕಾಲ ಯಾರೂ ಬಳಸದ ಖಾತೆಗಳನ್ನು ಕಂಪನಿ ಅಳಿಸಿಹಾಕುತ್ತದೆ. ನಿನ್ನೆ ಇಶ್ರತ್ ಹುಡುಕಿದಾಗ, ಅಂಥ ಖಾತೆಯೇ ಇಲ್ಲ ಎಂದು ಬಂದಿದೆ.

ಬಸ್ಸು ತಡವಾಗಲಿಲ್ಲ. ಶೇವಂತಾಬಾಯಿ ಸೆರಗು ಬಿಗಿದುಕೊಂಡು ಶಟರಿನ ಕೆಳಗೆ ಬಗ್ಗಿ ಬರುತ್ತಾರೆ. ಮುಖದಲ್ಲಿ ಏನೋ ಗಟ್ಟಿ ಮಾಡಿಕೊಂಡ ಕಳೆ. "ಇಶ್ರತ್ ಬೀ, ಇವತ್ತ ತೆರೀತದ ನೋಡ್ರಿ. ಇದೊಂದ ಹೆಸರು ನಾ ಬಾಯಿಬಿಟ್ಟು ಅಂದೇ ಇದ್ದಿಲ್ಲ."

"ಅವ್ವಾ, ಮೊದಲು ಕುಂದರ್ರಿ." ಇಶ್ರತ್ ಆಕೆಯ ಎರಡೂ ಕೈ ಹಿಡಿದುಕೊಳ್ಳುತ್ತಾರೆ. "ಹಾಡು ಹೋಗ್ಯಾವ್ರಿ. ಪೆಟಿಗಿ ತೆರೆದ್ರೂ ಇನ್ನ ಸಿಗೂದಿಲ್ಲ. ಕಂಪನಿಯವರು ಅಳಿಸಿಬಿಟ್ಟಾರ."

ಹೊರಗೆ ಖಮರುದ್ದೀನ್ ಅವರ ಸ್ಟೋವ್ ಭರ್ರೆನ್ನುತ್ತದೆ. ಶೇವಂತಾಬಾಯಿ ಕೈ ಬಿಡಿಸಿಕೊಂಡು ಲ್ಯಾಪ್‌ಟಾಪಿನ ಅಂಚು ಸವರುತ್ತಾರೆ.

"ನಾನs ಅಲ್ಲೇನ್ರಿ ಅವತ್ತ ಎಬ್ಬಿಸಿ ಕರಕೊಂಡು ಹೋದಾಕಿ," ಎನ್ನುತ್ತಾರೆ. ಆಮೇಲೆ, "ತಂದ ಹೆಸರ ತಂದೀನಿ. ಹಾಕಿ ನೋಡ್ರಿ."

ಜಗದೇವಿ. ಹುಮನಾಬಾದ. ಬಿಳಿಜೋಳ.

ಮದುವೆಯಾದ ಹೊಸತರಲ್ಲಿ ಹುಮನಾಬಾದಿನ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸು ಅದು. ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಆ ಹೆಸರನ್ನು ಇಡಬೇಕೆಂದು ಗಂಡ ಹೆಂಡತಿ ಇಬ್ಬರೇ ಮಾತಾಡಿಕೊಂಡಿದ್ದರು. ಆಗ ಹೊಲದಲ್ಲಿ ಬಿಳಿಜೋಳ ಹಾಲುಗಾಳಾಗಿತ್ತು.

ಇಶ್ರತ್ ಒಂದೊಂದೇ ಅಕ್ಷರ ಒತ್ತುತ್ತಾರೆ. ಪೆಟ್ಟಿಗೆ ತೆರೆಯುತ್ತದೆ.

ಒಳಗೆ ಹೆಚ್ಚೇನಿಲ್ಲ, ಅರ್ಜಿಗಳ ಕೀಲಿಗಳ ಸಾಲು. ಅಳಿದುಹೋದ ಹಾಡುಗಳ ಕೀಲಿಯೂ ಅಲ್ಲೇ ಇದೆ. ಶೇವಂತಾಬಾಯಿ ಅದನ್ನು ನೋಡುತ್ತಿಲ್ಲ.

"ನನ್ನ ಮುಂದ ಒಂದ ದಿನಾ ಆ ಕೂಸಿನ ಸುದ್ದಿ ತಗೀಲಿಲ್ರಿ. ಕಲ್ಲ ಎದಿ ನಿಂದು ಅಂತ ಎಷ್ಟೋ ಸಲ ಅಂದೀನಿ." ಆಕೆ ಪೆಟ್ಟಿಗೆಯತ್ತ ಬೆರಳು ತೋರಿಸುತ್ತಾರೆ. "ಇದನ್ನ ತಗಿಯೂ ಮುಂದ ಪ್ರತಿ ಸಲಾನೂ ಬರೀಬೇಕಾಗ್ತದೇನ್ರಿ?"

"ಹೌದ್ರಿ ಅವ್ವಾ. ಪ್ರತಿ ಸಲ."

"ಮುಂಜಾನಿಗೊಮ್ಮೆ, ಸಂಜಿಗೊಮ್ಮೆ ತಗೀತಿದ್ರು."

ಆಮೇಲೆ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ಮುಚ್ಚಿಬಿಡ್ರಿ. ಮುಚ್ಚಿ ನನ್ನ ಕಡಿ ಕೊಡ್ರಿ. ಈ ಸಲ ನಾ ಬರೀತೀನಿ" ಎನ್ನುತ್ತಾರೆ.

ಇಶ್ರತ್ ಲ್ಯಾಪ್‌ಟಾಪನ್ನು ಆಕೆಯ ಮಡಿಲಿಗೆ ಸರಿಸಿ, ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂರುತ್ತಾರೆ. ಬೆನ್ನ ಹಿಂದೆ ಒಂದೇ ಬೆರಳಿನ ಟಕ್, ಟಕ್ ಸದ್ದು. ಅಕ್ಷರ ಹುಡುಕುವಷ್ಟು ಹೊತ್ತು ಮೌನ. ಮತ್ತೆ ಟಕ್.

ಆ ಹೆಸರು ಈಗ ನಿಮಗೂ ಗೊತ್ತಲ್ಲ, ಮುಖ ಯಾಕೆ ತಿರುಗಿಸಿದಿರಿ ಎಂದು ನಾವು ಕೇಳಿದರೆ, ಇಶ್ರತ್ ಗೋಡೆ ನೋಡುತ್ತಲೇ ಸಣ್ಣ ದನಿಯಲ್ಲಿ ಹೇಳುತ್ತಾರೆ:

"ಗೊತ್ತಿದ್ರ ಏನಾತ್ರಿ? ಒಬ್ಬರು ತಮ್ಮ ಕೀಲಿ ಬರೆಯೂ ಮುಂದ ನಾ ಇಷ್ಟ ವರ್ಷದಾಗ ಒಮ್ಮೀನೂ ನೋಡಿಲ್ಲ. ಇವತ್ತ ಯಾಕ ನೋಡಲಿ?"