ತೋಳ ತಿರುಗಿ ನೋಡಿತ್ತೇ

ಅಣ್ಣ ತೀರಿಕೊಂಡ ಮೇಲೆ ಭಾನುವಾರ ಬಂದರೆ ಏನು ಮಾಡಬೇಕೆಂದು ನನಗೆ ತೋಚುತ್ತಿರಲಿಲ್ಲ. ಅದುವರೆಗೆ ಐರೋಲಿಯಿಂದ ಠಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ, ಬದಲಾಪುರದ ಲೋಕಲ್ ಹಿಡಿದು ಅವನ ಮನೆಗೆ ಹೋಗುವುದು ರೂಢಿಯಾಗಿತ್ತು. ಈಗ ಹೋದರೆ ಅವನ ಹೆಂಡತಿ, ನಮ್ಮ ವೈನಿ, ಒಬ್ಬರೇ ಇರುತ್ತಾರೆ, ಬಾಗಿಲಲ್ಲೇ ಇಬ್ಬರೂ ಅಳಲು ಶುರು ಮಾಡುತ್ತೇವೆ. ಆ ಹೆದರಿಕೆಗೆ ಫೋನಿನಲ್ಲೇ ಮಾತಾಡಿ ಸುಮ್ಮನಾಗುತ್ತಿದ್ದೆ.

ಆ ದಿನಗಳಲ್ಲೇ ನನ್ನ ದವಡೆಯ ಹಲ್ಲು ನೋಯಲು ಶುರುವಾಯಿತು. ನಮ್ಮ ಬಿಲ್ಡಿಂಗಿನ ನಾಲ್ಕನೇ ಮಹಡಿಯಲ್ಲಿ ಒಬ್ಬಳು ಹಲ್ಲಿನ ಡಾಕ್ಟರ್ ಇದ್ದಾಳೆ, ಮರಾಠಿಯವಳು, ಠಾಣೆಯ ನೌಪಾಡಾದಲ್ಲಿ ಅವಳ ಕ್ಲಿನಿಕ್ಕು. ಅಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಂಡು ಬಾಯಿ ಮರಗಟ್ಟುವುದನ್ನು ಕಾಯುತ್ತ ಕೂತಾಗ ಗಾಜಿನ ಕಪಾಟಿನೊಳಗೆ ಬೆರಳುದ್ದದ ಗೊಂಬೆಗಳು ಕಂಡವು. ಕತ್ತಿ ಹಿಡಿದ ಸೈನಿಕರು, ರಾಕ್ಷಸರು, ಒಂದು ತೋಳ. ಎಲ್ಲ ಅವಳೇ ಮಾಡಿದ್ದು. ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ತರಿಸಿ, ಕತ್ತರಿಸಿ, ಅಂಟಿಸಿ, ಇಲ್ಲದ್ದನ್ನು ಪುಟ್ಟಿ ಎಂಬ ಜೇಡಿಯಂಥ ಅಂಟಿನಲ್ಲಿ ತಿದ್ದಿ ಬಣ್ಣ ಹಚ್ಚುತ್ತಾಳಂತೆ.

"ಇದು ತೋಳ ಅಲ್ಲ," ಎಂದೆ, ಅರ್ಧ ಸತ್ತ ನಾಲಿಗೆಯಲ್ಲಿ.

ಅವಳು ನಕ್ಕಳು. ನನ್ನನ್ನು ಅವಳು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. "ಮತ್ತೇನು ಕಾಕು?"

"ನಮ್ಮ ಕಡೆ ತೋಳ ಹಿಂಗಿರೋದಿಲ್ಲ."

ಅದು ಹಿಮದ ದೇಶದ ತೋಳ. ಕುತ್ತಿಗೆಗೆ ಕಂಬಳಿ ಸುತ್ತಿದಂತೆ ಕೂದಲು, ದಪ್ಪ ಕಾಲು. ನಾನು ಕಂಡದ್ದು ಬಡಕಲು ಮೈಯದು, ಉದ್ದ ಕಾಲು, ದೊಡ್ಡ ಕಿವಿ, ಮೈಗೆ ಅಂಟಿದ ಕೂದಲು.

"ಹಾಗಾದರೆ ನಿಮ್ಮದನ್ನ ನೀವೇ ಮಾಡಿ," ಎಂದಳು. ತಮಾಷೆಗೆ ಅಂದಳೆಂದುಕೊಂಡೆ. ಭಾನುವಾರ ಬೆಳಿಗ್ಗೆ ನಿಜವಾಗಿಯೂ ತನ್ನ ಮನೆಗೆ ಕರೆದಳು.

ನಾನು ತೋಳ ಕಂಡದ್ದು ಒಂದೇ ಸಲ, ಕೊಪ್ಪಳದ ಕಡೆ. ಅಪ್ಪನಿಗೆ ಡೊಂಬಿವಲಿಯ ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು, ನಾವೆಲ್ಲ ಗಂಟು ಮೂಟೆ ಕಟ್ಟಿಕೊಂಡು ಸ್ಟೇಷನ್ನಿಗೆ ಹೊರಟ ಬೆಳಗು. ನನಗೆ ಏಳು ವರ್ಷವಿರಬೇಕು, ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು. ಬಸ್ಸಿನ ಟೈರು ಪಂಕ್ಚರಾಗಿ ಎಲ್ಲರೂ ಇಳಿದು ರಸ್ತೆಯ ಬದಿಗೆ ನಿಂತಿದ್ದೆವು. ಜೋಳ ಕೊಯ್ದ ಹೊಲದಿಂದ ಅದು ಬಂತು, ಅವಸರವಿಲ್ಲದೆ ರಸ್ತೆ ದಾಟಿತು, ಆಚೆಯ ಕಲ್ಲಿನ ಬದು ಹತ್ತಿತು, ಹೋಯಿತು. ಅಷ್ಟೇ.

ಅದು ಬದುವಿನ ಮೇಲೆ ನಿಂತು ತಿರುಗಿ ನಮ್ಮನ್ನು ನೋಡಿತು ಎಂದು ಅಣ್ಣ ಹೇಳುತ್ತಿದ್ದ. ನೋಡಲಿಲ್ಲ ಎಂದು ನಾನು. ಈ ಜಗಳ ನಮ್ಮ ನಮ್ಮ ಮದುವೆಗಳಾಗಿ, ಕೂದಲು ನೆರೆತ ಮೇಲೂ ಮುಗಿದಿರಲಿಲ್ಲ. ಊಟಕ್ಕೆ ಕೂತಾಗ ಅವನೇ ತೆಗೆಯುತ್ತಿದ್ದ.

"ನಾ ಕಣ್ಣಾರೆ ನೋಡೇನಿ. ನೀ ಸಣ್ಣಾಕಿ, ನಿನಗೇನ್ ಗೊತ್ತು?"

"ಸಣ್ಣಾಕಿ ಇದ್ರ ಕಣ್ಣಿರಲಿಲ್ಲೇನು? ನೋಡಲಿಲ್ಲ ಅಂದ್ರ ನೋಡಲಿಲ್ಲ."

ಡಾಕ್ಟರ್ ನನಗೊಂದು ಪ್ಲಾಸ್ಟಿಕ್ ತೋಳ ಕೊಟ್ಟಳು. ಮೊದಲ ಕೆಲಸ ಅದರ ಕೂದಲು ಹೆರೆಯುವುದು. ತೆಳು ಬ್ಲೇಡಿನ ಚಾಕುವಿನಲ್ಲಿ ಕುತ್ತಿಗೆಯ ಕಂಬಳಿಯನ್ನೆಲ್ಲ ಸೌತೆಕಾಯಿ ಸಿಪ್ಪೆಯ ಹಾಗೆ ಎಬ್ಬಿಸಿದೆ. ಆಮೇಲೆ ತಲೆ ಬೇರೆ ಮಾಡಿದೆ. ಕಾಲುಗಳನ್ನು ನಡುವೆ ಕತ್ತರಿಸಿ, ಸಣ್ಣ ತೂತು ಕೊರೆದು, ತಾಮ್ರದ ತಂತಿ ತೂರಿಸಿ ಉದ್ದ ಮಾಡಿದೆ. ಆ ತಂತಿಯ ಮೇಲೆ ಮಾಂಸ ಬರಬೇಕಾದರೆ ಪುಟ್ಟಿ. ಹಳದಿಯದೊಂದು ತುಂಡು, ನೀಲಿಯದೊಂದು ತುಂಡು, ಎರಡನ್ನೂ ಹಸಿರಾಗುವವರೆಗೆ ಮಿದಿಯಬೇಕು. ಇಷ್ಟು ವರ್ಷ ಚಪಾತಿ ಹಿಟ್ಟು ನಾದಿದ ಕೈ, ಇದೇನು ಮಹಾ ಅಂದುಕೊಂಡೆ. ಅದು ತೋಳವೊಂದನ್ನು ಬಿಟ್ಟು ನನ್ನ ಬೆರಳು, ಉಗುರು, ಕನ್ನಡಕ ಎಲ್ಲಕ್ಕೂ ಅಂಟಿತು.

"ಥೋಡಂ ಪಾಣೀ, ಕಾಕು," ಎನ್ನುತ್ತ ಅವಳು ನನ್ನ ಬೆರಳನ್ನು ನೀರಿನ ಬಟ್ಟಲಿಗೆ ಅದ್ದಿದಳು. ತಿದ್ದಲು ಅವಳು ಕೊಟ್ಟದ್ದು ಕ್ಲಿನಿಕ್ಕಿನ ಹಳೆಯ ಉಕ್ಕಿನ ಕೊಕ್ಕೆಗಳು. ಬಾಯೊಳಗೆ ಬಂದರೆ ಜೀವ ಹೋಗುವಂಥ ಆ ಕೊಕ್ಕೆಗಳು ಕೈಗೆ ಬಂದಾಗ ಎಷ್ಟು ಹಗುರ!

ಮೊದಲನೆಯದನ್ನು ಮನೆಗೆ ತಂದಾಗ ನನ್ನ ಗಂಡ ಕನ್ನಡಕ ಏರಿಸಿ ನೋಡಿ, "ಒಂಟೆ ಮರಿ ಏನ ಇದು?" ಎಂದರು. ಕಾಲು ನಿಜವಾಗಿಯೂ ಅತಿ ಉದ್ದವಾಗಿತ್ತು. ಎರಡನೆಯದು ನಮ್ಮ ಸೊಸೈಟಿಯ ಗೇಟಿನಲ್ಲಿ ಮಲಗುವ ನಾಯಿಯಂತಾಯಿತು. ಮೂರನೆಯದಕ್ಕೆ ಹೊಟ್ಟೆ ಒಳಗೆ ಹೋಯಿತು, ಪಕ್ಕೆಲುಬು ಕಂಡೂ ಕಾಣದ ಹಾಗಾಯಿತು, ಹೆಜ್ಜೆಗೆ ಅವಸರವಿಲ್ಲದ ಆ ನಡಿಗೆ ಬಂತು. ನನಗೇ ಮೈ ಜುಮ್ಮೆಂದಿತು.

"ತಲೆ ಯಾವ ಕಡೆ?" ಎಂದು ಡಾಕ್ಟರ್ ಕೇಳಿದಳು.

ಬಿಡಿ ತಲೆ ಬೆಂಡಿನ ತುಂಡೊಂದರ ಮೇಲಿತ್ತು. ಅದನ್ನು ಮೈಗೆ ನೇರವಾಗಿ ಹಿಡಿದು ನೋಡಿದೆ. ನನ್ನ ನೆನಪಿನ ತೋಳ ಅದೇ. ಹಿಂದಕ್ಕೆ ತಿರುಗಿಸಿ ಹಿಡಿದೆ. ಅಣ್ಣನದು. ಅವನಿಗೆ ಫೋನ್ ಮಾಡಿ, "ಕಡೀ ಸಲ ಕೇಳ್ತೀನಿ, ಖರೇನ ನೋಡ್ತೇನು?" ಎಂದು ಕೇಳಬೇಕೆನಿಸಿತು. ಫೋನಿನಲ್ಲಿ ಅವನ ನಂಬರು ಇನ್ನೂ ಇತ್ತು. ಅವನು ಹೋದಾಗಿನಿಂದ ಅತ್ತದ್ದು ಬಹಳ. ಆದರೆ ಅವನು ಬೇಕು, ಈಗಲೇ, ಈ ಒಂದು ಮಾತಿಗೆ ಬೇಕು ಎಂದು ಹೀಗೆ ಎದೆ ಹಿಂಡಿದ್ದು ಅವತ್ತೇ.

ತಲೆಯಿಲ್ಲದ ತೋಳ ಭಾನುವಾರದಿಂದ ಭಾನುವಾರಕ್ಕೆ ಹಾಗೇ ನಿಂತಿತು. ಕೊನೆಗೆ ಅದನ್ನೂ ತಲೆಯನ್ನೂ ಹತ್ತಿಯಲ್ಲಿ ಸುತ್ತಿ, ಸ್ಟೀಲಿನ ಡಬ್ಬಿಯಲ್ಲಿಟ್ಟುಕೊಂಡು ಬದಲಾಪುರಕ್ಕೆ ಹೋದೆ.

ಬಾಗಿಲಲ್ಲಿ ನಾವು ಅಳಲಿಲ್ಲ. ವೈನಿ ಅವಲಕ್ಕಿ ಒಗ್ಗರಣೆ ಹಾಕಿದ್ದರು. ತಿಂದಾದ ಮೇಲೆ ಡಬ್ಬಿ ತೆಗೆದೆ. ಅವರು ತೋಳವನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ವೈನಿ, ಅಣ್ಣ ನಿಮ್ಮ ಮುಂದ ಏನರ ಹೇಳಿದ್ನೇನ್ರೀ? ಇದು ಖರೇನ ತಿರುಗಿ ನೋಡಿತ್ತಂತೇನು?"

ಅವರು ನನ್ನ ಮುಖ ನೋಡಿದರು. "ಇಲ್ಲ," ಎಂದರು. "ನೋಡಿರಲಿಲ್ಲಂತ."

ನಾನು ಹತ್ತಿ ಬಿಚ್ಚಿ ಬಿಡಿ ತಲೆಯನ್ನೂ ಅವರ ಮುಂದಿಟ್ಟೆ.

"ಅವತ್ತು ನೀವು ಊರಾಗ ಒಂದು ನಾಯಿ ಬಿಟ್ಟು ಬಂದಿದ್ರಂತಲ್ಲ. ಮನಿಯಿಂದ ಬಸ್ಸಿನ ತನಕ ನೀ ಅದಕ್ಕ ಅತ್ಕೋತ ಬಂದ್ಯಂತ. ತೋಳ ದಾಟೂ ಮುಂದ, ನಮ್ಮ ನಾಯಿನ ಹುಡಿಕ್ಕೊಂಡು ಬಂತು ಅಂತ ಕೂಗಿದ್ಯಂತ. ಅದು ಸೀದಾ ಹೋಗಿಬಿಡ್ತು. ನನ್ನ ನೋಡಲೇ ಇಲ್ಲ ಅಂತ ನೀ ರಸ್ತೆ ಮ್ಯಾಲ ಕುಂತ್ಬಿಟ್ಯಂತ. ಅದಕ್ಕ ಇವರು, ನೋಡ್ತು, ನೀ ಕಣ್ಣು ಒರಿಸ್ಕೊಳ್ಳಾಕ್ಹತ್ತಿದ್ದಿ, ಆಗ ನೋಡ್ತು ಅಂದ್ರಂತ."

ನಾಯಿ ಇದ್ದದ್ದು ನೆನಪಿದೆ, ಕಂದು ಬಣ್ಣದ್ದು. ಅತ್ತದ್ದು ನೆನಪಿಲ್ಲ. ತೋಳದ ಬೆನ್ನಿನ ಕಪ್ಪು ಛಾಯೆಯವರೆಗೆ ಎಲ್ಲ ನೆನಪಿಟ್ಟುಕೊಂಡ ನಾನು ನನ್ನ ಅಳುವನ್ನು ಪೂರ್ತಿ ಮರೆತಿದ್ದೆ. ಅವನು ಅದನ್ನು ನನಗಾಗಿ ಇಟ್ಟುಕೊಂಡಿದ್ದ.

"ದೊಡ್ಡಾಕಿ ಆದ ಮ್ಯಾಲರ ಹೇಳಬಾರದಿತ್ತೇನ್ರೀ?"

"ನಾನೂ ಅದನ್ನ ಕೇಳಿದೆ. ಇರಲಿ ಬಿಡು, ಜಗಳಾಡಾಕ ಅಂತ ಬರ್ತಾಳಲ್ಲ, ಬರ್ಲಿ ಅಂದ್ರು."

ಆಗ ಇಬ್ಬರೂ ಅತ್ತೆವು. ವೈನಿ ಸೆರಗಿನಿಂದ ಮೂಗು ಒರೆಸಿಕೊಂಡು, ತಲೆ ಎಲ್ಲಾದರೂ ಕಳೆದೀತೆಂದು ಅದನ್ನು ತಾವೇ ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರು.

ಮುಂದಿನ ವಾರ ಡಾಕ್ಟರಿಗೆ, ತಲೆ ಹಿಂದಕ್ಕೆ ತಿರುಗಲಿ ಎಂದೆ. ಅದೇ ಎಲ್ಲಕ್ಕಿಂತ ಕಷ್ಟ ಎಂದು ಅವಳು ಎಚ್ಚರಿಸಿದಳು. ತಲೆ ತಿರುಗಿದರೆ ಕುತ್ತಿಗೆಯ ಒಂದು ಕಡೆ ಚರ್ಮ ಬಿಗಿಯಬೇಕು, ಇನ್ನೊಂದು ಕಡೆ ಮಡಿಕೆ ಬೀಳಬೇಕು. ಭುಜವೂ ಸ್ವಲ್ಪ ತಿರುಗಬೇಕು. ಗೇಟಿನ ನಾಯಿಯನ್ನು ಕರೆದು ಕರೆದು ಅದು ತಿರುಗುವುದನ್ನು ನೋಡಿಕೊಂಡೆ. ಪುಟ್ಟಿ ಹಾಕಿದೆ, ಕೆರೆದು ತೆಗೆದೆ, ಮತ್ತೆ ಹಾಕಿದೆ. ಮಳೆ ನಿಂತು ಗಾಳಿ ಒಣಗಿದ ಮೇಲೆ ಟೆರೇಸಿನಲ್ಲಿ ಪ್ರೈಮರ್ ಹೊಡೆದು ಬಣ್ಣಕ್ಕೆ ಕೂತೆ. ಒಣಗಿದ ಜೋಳದ ದಂಟಿನ ಬಣ್ಣ ಸಿಗಲು ಹಳದಿಗೆ ಬೂದು ಬಣ್ಣ, ಅದಕ್ಕೆ ಒಂದಿಷ್ಟು ಕೆಂಪು ಸೇರಿಸಿದೆ. ನೋಡಿರಲಿಲ್ಲ ಎಂದು ಈಗ ನನಗೆ ಖಾತ್ರಿಯಾಗಿ ಗೊತ್ತು. ಆದರೂ ಅದರ ಕಣ್ಣಿಗೆ ಬಿಳಿಯ ಚುಕ್ಕೆ ಇಡುವಾಗ, ಅದು ನೋಡುವ ಕಡೆಯಲ್ಲಿ ಅಣ್ಣ, ನಾನು ಇಬ್ಬರೂ ನಿಂತಿದ್ದೇವೆ ಎಂದೇ ಇಟ್ಟೆ. ಹುಬ್ಬು ಸರಿಬರಲಿಲ್ಲ, ಒಂದು ಕಿವಿ ದಪ್ಪವಾಯಿತು. ಡಾಕ್ಟರ್ ಚೆನ್ನಾಗಿದೆ ಎಂದಳು. ನನಗೆ ಅಷ್ಟೇ ಸಾಕಿತ್ತು.

ತೋಳವನ್ನು ವೈನಿಗೇ ಕೊಟ್ಟೆ. ಅವರದನ್ನು ಟಿವಿಯ ಪಕ್ಕದಲ್ಲಿಟ್ಟಿದ್ದಾರೆ. ಈಗ ನಾನು ಮತ್ತೆ ಭಾನುವಾರ ಬದಲಾಪುರಕ್ಕೆ ಹೋಗುತ್ತೇನೆ, ಚೀಲದಲ್ಲಿ ಪುಟ್ಟಿ, ಕೊಕ್ಕೆ ಇರುತ್ತವೆ. ಹೋದ ತಿಂಗಳಿಂದ ವೈನಿಯೂ ಒಂದು ಆಡು ಮಾಡಲು ಶುರು ಮಾಡಿದ್ದಾರೆ. ಅದರ ಕೊಂಬು ಮುಂದಕ್ಕೆ ಬಾಗಿದೆ.

"ಆಡಿನ ಕೊಂಬು ಹಿಂದಕ್ಕ ಇರ್ತಾವ್ರೀ ವೈನಿ," ಎಂದೆ ಮೊನ್ನೆ.

"ಹೌದೇನವಾ? ಹಂಗಾದ್ರ ಹಂಗ ಮಾಡೂಣು," ಎಂದು ಅವರು ಆಗಲೇ ಕೊಂಬು ಕಿತ್ತರು. ಅವರು ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ಅಣ್ಣನಾಗಿದ್ದರೆ, ತಾನು ಕಣ್ಣಾರೆ ಕಂಡ ಆಡಿಗೆ ಕೊಂಬು ಮುಂದಕ್ಕೇ ಇತ್ತು ಎಂದು ಸಂಜೆಯ ಗಾಡಿಯ ತನಕ ವಾದಿಸುತ್ತಿದ್ದ.